ಡಬ್ಬಿಯ ಮೇಲಿನ ಇಪ್ಪತ್ತೈದು

ದೊಡ್ಡ ನಂಬರ್ ಕಂಡರೆ ಕೈಮುಗಿಯುವ ಜನ ಇರುವ ತನಕ ಇಂಥ ಪ್ರಸಂಗಗಳಿಗೆ ಬರವಿಲ್ಲ. ಆಗ ಸಿಟ್ಟಿನಲ್ಲಿ ಹಲ್ಲು ಕಡಿದಿದ್ದೆ. ಈಗ ನೆನೆದರೆ ಆ ಜನರೆಲ್ಲ ಮತ್ತೊಮ್ಮೆ ಸಿಗಬಾರದೇ ಅನಿಸುತ್ತದೆ.

ಸೇಠರ ಟೋಪಿ

ಜೋಗೇಶ್ವರಿಯಲ್ಲಿ ಒಂದೇ ಶಟರಿನ ಪುಟ್ಟ ಕಾರ್ಖಾನೆ. ಅಲ್ಲಿ ನಾವು ಕಂಪ್ಯೂಟರ್ ಜೋಡಿಸುತ್ತಿದ್ದೆವು. ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ರೇಡಿಯೋ ಬಿಚ್ಚಿ ಕಲಿತೆ, ಕಂಪ್ಯೂಟರ್ ಸುಟ್ಟು ಕಲಿತೆ.

ಆಗಿನ ಕಂಪ್ಯೂಟರ್ ಡಬ್ಬಿಗಳ ಮುಖದ ಮೇಲೆ ವೇಗದ ನಂಬರ್ ಕೆಂಪಗೆ ಹೊಳೆಯುತ್ತಿತ್ತು. ಗಿರಾಕಿಗಳು ಅದನ್ನು ಸ್ಕೂಟರಿನ ಮೀಟರ್ ಎಂದುಕೊಂಡಿದ್ದರು. ಅದು ಯಾವುದನ್ನೂ ಅಳೆಯುತ್ತಿರಲಿಲ್ಲ. ಹಿಂದುಗಡೆ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಟೋಪಿಗಳಿದ್ದವು, ಅವಕ್ಕೆ ಜಂಪರ್ ಎನ್ನುತ್ತಿದ್ದೆವು. ಅವನ್ನು ಹೇಗೆ ತೊಡಿಸಿದರೆ ಹಾಗೆ ನಂಬರ್ ಬರುತ್ತಿತ್ತು.

ಒಂದು ದಿನ ಕಾರ್ಖಾನೆಯ ಮಾಲೀಕರಾದ ಸೇಠರು, "ಭಾಯಿ, ಈ ಹದಿನಾರನ್ನು ಇಪ್ಪತ್ತು ಮಾಡು" ಅಂದರು.

"ಸುಳ್ಳು ನಂಬರಿಗೆ ನನ್ನ ಕೈ ಏಳುವುದಿಲ್ಲ" ಅಂದೆ. ಅಷ್ಟಕ್ಕೇ ಬಿಡದೆ, ಶಟರ್ ಮೇಲೆ ಸೀಮೆಸುಣ್ಣದಲ್ಲಿ ಹಿಂದಿಯಲ್ಲಿ ಬರೆದೆ: 'ಡಬ್ಬಿಯ ನಂಬರ್ ನಂಬಬೇಡಿ.'

ಸೇಠರು ಓದಿದರು, ತಲೆದೂಗಿದರು. ಅದರ ಕೆಳಗೆ ತಾವೇ ಬರೆದರು: 'ಪಕ್ಕದ ಅಂಗಡಿಯವರದ್ದು.'

ಮೂವತ್ತು ಶಬ್ದದ ಹುಡುಗಿ

ಘಾಟ್ಕೋಪರಿನಲ್ಲಿ ಧಾರವಾಡದ ಬಾಯಿಯೊಬ್ಬರು ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಅವರಿಗೆ ಒಂದು ಕಂಪ್ಯೂಟರ್ ತೋರಿಸಿದೆ.

"ಇದರ ಸ್ಪೀಡ್ ಎಷ್ಟೋ ತಮ್ಮಾ?"

"ಹದಿನಾರು, ಬಾಯಿ."

"ಹದಿನಾರs? ನಿನ್ನೆ ಮೊನ್ನೆ ಬಂದ ಹುಡುಗಿ ನಿಮಿಷಕ್ಕ ಮೂವತ್ತು ಶಬ್ದ ಬಡೀತಾಳ. ಇದನ್ನ ತಂದು ಅಕಿ ಕೈಯಾಗ ಕಲಿಸ್ಲಿಕ್ಕೆ ಹಚ್ಚಲೇನು?"

ಇದು ಶಬ್ದದ ಲೆಕ್ಕವಲ್ಲ, ಒಂದು ಸೆಕೆಂಡಿಗೆ ಒಳಗೆ ಕೋಟಿಗಟ್ಟಲೆ ಬಡಿತ ಬಡಿಯುತ್ತದೆ ಎಂದು ವಿವರಿಸಿದೆ. ಬಾಯಿ ಕನ್ನಡಕ ಮೂಗಿನ ತುದಿಗೆ ಇಳಿಸಿದರು.

"ಅಷ್ಟು ಬಡೀತದ, ಖರೆ. ತಪ್ಪೆಷ್ಟು?"

ಅತಿಥಿಗಳಿಗೆ ಮಾತ್ರ

ಘಾಟ್ಕೋಪರಿನಲ್ಲೇ ಇನ್ನೊಂದು ಬಿಲ್ಡಿಂಗಿನಲ್ಲಿ ಬೆಂಗಳೂರಿನ ಅಧಿಕಾರಿಯೊಬ್ಬರ ಮನೆ. ಕಂಪ್ಯೂಟರ್ ನಿಧಾನ ಅಂತ ಫೋನು ಬಂತು. ಎರಡು ಲೋಕಲ್ ರೈಲು ಬದಲಿಸಿ ಹೋದೆ. ವೇಗ ಹೆಚ್ಚಿಸುವ ಟರ್ಬೋ ಗುಂಡಿ ಒತ್ತಿಯೇ ಇರಲಿಲ್ಲ. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಇಳಿಬಿಟ್ಟಿತ್ತು.

"ಯಾಕೆ ಸಾರ್ ಒತ್ತಿಲ್ಲ?"

"ದಿನಾ ಓಡಿಸಿದ್ರೆ ಸವೆದುಹೋಗಲ್ವೇನಪ್ಪಾ? ಯಾರಾದ್ರೂ ಬಂದಾಗ ಒತ್ತುತ್ತೀವಿ."

ನಾನು ಗುಂಡಿ ಒತ್ತಿ ಎದ್ದೆ. ಒಳಗಿನಿಂದ ಅವರ ಹೆಂಡತಿ ಕೂಗಿದರು: "ರೀ, ಅವರು ಮನೆಯವರ ಥರಾನೇ. ಆರಿಸಿಬಿಡಿ."

ಸಂಘದ ಕಂಪ್ಯೂಟರ್

ಆಂಟಾಪ್ ಹಿಲ್‌ನ ಕನ್ನಡ ಸಂಘವೊಂದು ತನ್ನ ಪತ್ರಿಕೆಗಾಗಿ ಕಂಪ್ಯೂಟರ್ ಕೊಳ್ಳಲು ಹೊರಟಿತು. ನಮ್ಮಲ್ಲಿ ಎರಡಿದ್ದವು. ಒಂದು ಹಳೇ ತಳಿಯದು, ಮುಖದ ಮೇಲೆ ನಲವತ್ತು. ಇನ್ನೊಂದು ಹೊಸ ತಳಿಯದು, ಮುಖದ ಮೇಲೆ ಇಪ್ಪತ್ತೈದು, ಬೆಲೆ ಹೆಚ್ಚು. ಇಪ್ಪತ್ತೈದೇ ಚುರುಕು ಎಂದು ನಾನು ಹೇಳಿದ್ದೇ ತಡ, ಸಂಘದವರು ಎದ್ದುನಿಂತರು. ಕಡಿಮೆ ನಂಬರಿಗೆ ಹೆಚ್ಚು ಬೆಲೆಯೇ? ಇದರಲ್ಲಿ ಏನೋ ಮೋಸವಿದೆ.

ಸೇಠರು ನನ್ನನ್ನು ಮೂಲೆಗೆ ಕರೆದರು. "ಈ ಗಿರಾಕಿ ಕೈತಪ್ಪಿದರೆ ನಾಳೆಯಿಂದ ನೀನು ಬರಬೇಡ."

ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು. ಆದರೂ ಬಾಯಿ ಮುಚ್ಚಲಿಲ್ಲ. ಎರಡೂ ಯಂತ್ರಗಳನ್ನು ಟೆಂಪೋದಲ್ಲಿ ಹೇರಿಕೊಂಡು ಸಂಘದ ಸಭಾಂಗಣಕ್ಕೆ ಹೋದೆ. ಸಮಿತಿಯ ಒಂಬತ್ತು ಜನರನ್ನು ಕೂರಿಸಿದೆ.

"ದಾದರ್ ಸ್ಟೇಷನ್ನಿನ ಸೇತುವೆ ಎಂದುಕೊಳ್ಳಿ. ಒಬ್ಬ ನಲವತ್ತು ಹೆಜ್ಜೆ ಇಡುತ್ತಾನೆ, ಹೆಜ್ಜೆಗೊಂದು ಮೆಟ್ಟಿಲು. ಇನ್ನೊಬ್ಬ ಅಷ್ಟೇ ಹೊತ್ತಿನಲ್ಲಿ ಇಡುವುದು ಇಪ್ಪತ್ತೈದು ಹೆಜ್ಜೆ, ಆದರೆ ಹೆಜ್ಜೆಗೆರಡು ಮೆಟ್ಟಿಲು. ಯಾರಿಗೆ ಮೊದಲು ಲೋಕಲ್ ಸಿಗುತ್ತದೆ?"

ಒಬ್ಬರು ಯೋಚಿಸಿ ಹೇಳಿದರು: "ಮಂಡಿನೋವಿಲ್ಲದವನಿಗೆ."

ಮಾತು ಸಾಕೆಂದು ಓಟಕ್ಕೇ ಬಿಟ್ಟೆ. ಪತ್ರಿಕೆಯ ಒಂದೇ ಪುಟವನ್ನು ಎರಡಕ್ಕೂ ಕೊಟ್ಟು, ಒಟ್ಟಿಗೇ ಗುಂಡಿ ಒತ್ತಿದೆವು. ಇಪ್ಪತ್ತೈದರ ಡಬ್ಬಿ ಪುಟ ಮುಗಿಸಿ ಕೂತಾಗ ನಲವತ್ತರದು ಇನ್ನೂ ಕೊನೆಯ ಸಾಲುಗಳನ್ನು ಎಳೆಯುತ್ತಿತ್ತು. ಎದೆಯುಬ್ಬಿಸಿ ನಿಂತೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಕಾರ್ಯದರ್ಶಿ ಹೇಳಿದರು, "ಅದೇನೋ ಗೆದ್ದಿತು ಸ್ವಾಮಿ, ಒಪ್ಪಿದೆ. ಆದರೆ ಬಂದವರು ನೋಡುವುದು ನಂಬರನ್ನು. ಪಕ್ಕದ ಸಂಘದಲ್ಲಿ ಮೂವತ್ತಮೂರು ಇದೆ. ನಾವು ಮರ್ಯಾದೆಯಿಂದ ಓಡಾಡುವುದು ಬೇಡವೇ?"

ಸೋತ ನಲವತ್ತೂ ಬೇಡ, ಗೆದ್ದ ಇಪ್ಪತ್ತೈದೂ ಬೇಡ; ನನ್ನ ಕೆಲಸ ಹೋಯಿತು ಎಂದುಕೊಂಡೆ. ವೈರು ಸುತ್ತತೊಡಗಿದೆ. ಅಷ್ಟರಲ್ಲಿ ಮೈಸೂರಿನ ಹಿರಿಯರು, ಸಂಘದ ಅಧ್ಯಕ್ಷರು, ಕೋಲೂರಿ ಎದ್ದು ಡಬ್ಬಿಯ ಹತ್ತಿರ ಬಂದರು. ಕೆಂಪಗೆ ಹೊಳೆಯುವ ನಂಬರನ್ನು ಬಗ್ಗಿ ನೋಡಿದರು.

"ಇಪ್ಪತ್ತೈದು! ಅಯ್ಯೋ ಪೆದ್ದುಗಳಾ, ನಮ್ಮ ಸಂಘಕ್ಕೆ ಈ ವರ್ಷ ಎಷ್ಟಾಯಿತು? ಬೆಳ್ಳಿಹಬ್ಬಕ್ಕೆ ಇದಕ್ಕಿಂತ ಲಕ್ಷಣವಾದ ಯಂತ್ರ ಎಲ್ಲಿ ಸಿಗುತ್ತದೆ?"

ಒಂಬತ್ತೂ ಕೈ ಒಮ್ಮೆಲೇ ಎದ್ದವು. ನನ್ನ ಸೇತುವೆ, ನನ್ನ ಓಟ, ನನ್ನ ನಾಲ್ಕು ತಾಸಿನ ಗಂಟಲು, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಕೆಲಸ ಮಾತ್ರ ಉಳಿಯಿತು. ಡಬ್ಬಿಗೆ ಮಲ್ಲಿಗೆ ಹಾರ ಬಿತ್ತು.

ಒಂದು ವರ್ಷ ಕಳೆಯಿತು. ಅಧ್ಯಕ್ಷರ ಫೋನು. "ಒಂದು ಸಣ್ಣ ಕೆಲಸವಿತ್ತಪ್ಪಾ. ಸಂಘಕ್ಕೆ ಈಗ ಇಪ್ಪತ್ತಾರು. ಡಬ್ಬಿ ಇನ್ನೂ ಇಪ್ಪತ್ತೈದನ್ನೇ ತೋರಿಸುತ್ತಿದೆ. ಬಂದು ಸರಿಮಾಡಿಕೊಡುತ್ತೀಯಾ?"

ಸುಳ್ಳು ನಂಬರಿಗೆ ಕೈ ಏಳುವುದಿಲ್ಲ ಎಂದು ಸೇಠರ ಮುಖಕ್ಕೇ ಹೇಳಿದವನು ನಾನು. ಆದರೆ ಆ ದಿನ ನನ್ನ ಅನ್ನ ಉಳಿಸಿದ ಮುದುಕರು ಅವರು. ಹೋದೆ. ಹಿಂದೆ ಕೂತು, ಯಾರ ಮುಖವನ್ನೂ ನೋಡದೆ, ಪ್ಲಾಸ್ಟಿಕ್ ಟೋಪಿ ಬದಲಿಸಿದೆ. ಮುಂದೆ ಇಪ್ಪತ್ತಾರು ಹೊಳೆಯಿತು.

ಕಾರ್ಯದರ್ಶಿ ಕುರ್ಚಿ ಎಳೆದು ಕೂತು, ನಾಲ್ಕು ಅಕ್ಷರ ಟೈಪ್ ಮಾಡಿ, ಕಣ್ಣರಳಿಸಿ ನನ್ನ ಕಡೆ ತಿರುಗಿದರು.

"ನಿಜ ಹೇಳುತ್ತೇನೆ ಸ್ವಾಮಿ, ಹೋದ ವರ್ಷಕ್ಕಿಂತ ಒಂಚೂರು ಚುರುಕಾಗಿದೆ!"