ಗ್ಲೆಂಡಾಳ ಹಾಡು, ವೆಂಡೆಲ್‌ನ ಉಪವಾಸ

ಹೆಂಡತಿ ಹಾಡುವುದಕ್ಕೆ ವೆಂಡೆಲ್ ಟ್ಯಾಕೆಟ್‌ನ ಆಕ್ಷೇಪಣೆ ಯಾವತ್ತೂ ಇರಲಿಲ್ಲ. ಮದುವೆಯಾದಾಗಿನಿಂದ ಗ್ಲೆಂಡಾ ಪಾತ್ರೆ ತೊಳೆಯುತ್ತ ಹಾಡಿದ್ದಾಳೆ, ತನ್ನ ಬ್ಯೂಟಿ ಪಾರ್ಲರಿನಲ್ಲಿ ಊರ ಹೆಂಗಸರ ಕೂದಲು ಕತ್ತರಿಸುತ್ತ ಹಾಡಿದ್ದಾಳೆ, ಚರ್ಚಿನಲ್ಲಿ ಎರಡನೆಯ ಸಾಲಿನಲ್ಲಿ ನಿಂತು ದೇವರಿಗೂ ಕೇಳಿಸುವಂತೆ ಹಾಡಿದ್ದಾಳೆ. ಅವನ ಆಕ್ಷೇಪಣೆ ಇದ್ದದ್ದು ಈ ಒಂದು ಹಾಡಿಗೆ. ಇದನ್ನು ಅವಳೇ ಕಟ್ಟಿ, ಅವಳೇ ಗಿಟಾರು ಹಿಡಿದು ಹಾಡಿದ್ದಳು. ಸೋಮವಾರ ಬೆಳಿಗ್ಗೆ ಅವರ ಊರು ಪೈನಿ ಕೋವ್‌ನ ರೇಡಿಯೋ ಅದನ್ನು ಮೊದಲ ಸಲ ಹಾಕಿತು. ಮಧ್ಯಾಹ್ನದೊಳಗೆ ಜನ ಫೋನ್ ಮಾಡಿ ಮಾಡಿ ಮತ್ತೆ ಹಾಕಿಸಿಕೊಂಡರು.

ನಿನ್ನ ಬೂಟು ಜಗುಲಿ ಮೇಲೆ, ಬಾಗಿಲ ಬೀಗ ಹೊಸತು,
ಹೋಗಯ್ಯಾ ರಾಜ, ಹೋಗು, ನಿನ್ನ ಕಾಲ ಮುಗೀತು.
ನಾಯಿ ನಂದು, ಟ್ರಕ್ಕು ನಂದು, ಬೆಳಗು ಕೂಡ ನಂದು,
ಕುಣಿಯೋಕೀ ಅಡುಗೆಮನೆ ಸಾಲ್ದು ನಂಗೆ ಇಂದು.

ಹಾಡೇನೋ ಚೆನ್ನಾಗಿತ್ತು. ಪಿಟೀಲು ಕುಣಿಯುತ್ತಿತ್ತು, ತಾಳ ಓಡುತ್ತಿತ್ತು, ಗ್ಲೆಂಡಾಳ ದನಿಯಲ್ಲಿ ಗಂಡನನ್ನು ಕಳಿಸಿದ ದುಃಖ ಸಾಸಿವೆಯಷ್ಟೂ ಇರಲಿಲ್ಲ. ಕೇಳುತ್ತ ಕೂತಿದ್ದ ವೆಂಡೆಲ್‌ನ ಬಲಗಾಲು ಅವನ ಅಪ್ಪಣೆ ಇಲ್ಲದೆಯೇ ತಾಳ ಹಾಕತೊಡಗಿತ್ತು. (ಆ ಕಾಲನ್ನು ಅವನು ಆಮೇಲೂ ಕ್ಷಮಿಸಲಿಲ್ಲ.)

"ಯಾರೇ ಅವನು?" ಎಂದ ಸಂಜೆ ಊಟದ ಹೊತ್ತಿಗೆ.

"ಯಾವನು?"

"ಹಾಡಲ್ಲಿರೋನು. ಮನೆಯಿಂದ ಆಚೆ ಹಾಕಿಸ್ಕೊಂಡೋನು."

"ಯಾರೂ ಅಲ್ಲ. ಪಾರ್ಲರಿಗೆ ಬರೋ ಒಬ್ಬೊಬ್ಬಳೂ ಗಂಡನ ಮೇಲೆ ಒಂದೊಂದು ದೂರು ಹೇಳ್ತಾಳೆ. ಒಬ್ಬನ ಕುಡಿತ, ಒಬ್ಬನ ಸೋಮಾರಿತನ, ಇನ್ನೊಬ್ಬನ ಬಾಯಿ. ಎಲ್ಲಾ ಸೇರಿಸಿ ಒಬ್ಬನ್ನ ಮಾಡಿದೆ."

"ಅದು ನಿಂಗೆ ಗೊತ್ತು. ಊರಿಗೆ ಗೊತ್ತಾ?"

"ಊರಿಗೇನು ಬುದ್ಧಿ ಇಲ್ವಾ?"

ಊರಿಗೆ ಬುದ್ಧಿ ಇತ್ತು, ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಇತ್ತು. ಅಮೆರಿಕದ ಟೆನೆಸೀ ರಾಜ್ಯದ ಆ ಬೆಟ್ಟದ ಸಾಲಿನಲ್ಲಿ ಗಿಟಾರು ಹಿಡಿದು ನಿಂತ ಹೆಂಗಸು ಬೈಬಲ್ ಮುಟ್ಟಿ ಸಾಕ್ಷಿ ಹೇಳುವವಳಿದ್ದ ಹಾಗೆ. ಅನುಭವಿಸದ್ದನ್ನು ಹಾಡುವುದು ಪಟ್ಟಣದವರ ಕೆಲಸ ಎಂದು ಅಲ್ಲಿಯವರ ನಂಬಿಕೆ. ಅದರ ಮೇಲೆ ಹಿಂದಿನ ಶನಿವಾರ ಟ್ಯಾಕೆಟ್ ದಂಪತಿಗಳ ಮುಂಬಾಗಿಲ ಬೀಗ ಕೆಟ್ಟು, ವೆಂಡೆಲ್ ಜಗುಲಿಯ ಮೇಲೆ ಕೂತು ಹೊಸದು ಹಾಕಿದ್ದ. ಸಗಣಿ ತುಳಿದ ಅವನ ಬೂಟನ್ನು ಗ್ಲೆಂಡಾ ಅಲ್ಲೇ ಬಿಡಿಸಿದ್ದಳು. ಅದೇ ಹೊತ್ತಿಗೆ ಚರ್ಚಿನ ಮಹಿಳಾ ಮಂಡಳಿಯ ಹಿರಿಯಳು ಮಿಸ್ ಯುಲಾ ಆ ದಾರಿಯಲ್ಲಿ ಕಾರನ್ನು ನಿಧಾನ ಮಾಡಿಕೊಂಡು ಹೋಗಿದ್ದಳು. ಬೀಗ ನೋಡಿದ್ದಳು, ಬೂಟು ನೋಡಿದ್ದಳು. ಸೋಮವಾರ ಹಾಡು ಕೇಳಿದ ಮೇಲೆ ಅವಳಿಗೆ ಇನ್ನು ಯಾವ ಪುರಾವೆಯೂ ಬೇಕಾಗಿರಲಿಲ್ಲ.

ಆ ಚರ್ಚಿನಲ್ಲಿ ಪ್ರಾರ್ಥನೆಯ ಸರಪಳಿ ಎಂಬ ಒಂದು ಪುಣ್ಯ ವ್ಯವಸ್ಥೆ ಇದೆ. ಯಾರಿಗಾದರೂ ಕಷ್ಟ ಬಂದರೆ ಒಬ್ಬಳು ಇನ್ನೊಬ್ಬಳಿಗೆ ಫೋನ್ ಮಾಡಿ 'ಇಂಥವರಿಗಾಗಿ ಪ್ರಾರ್ಥಿಸಿ' ಎನ್ನಬೇಕು, ಅವಳು ಮತ್ತೊಬ್ಬಳಿಗೆ. ಯಾಕೆ ಪ್ರಾರ್ಥಿಸಬೇಕು ಎಂಬುದನ್ನು ವಿವರವಾಗಿ ಹೇಳದಿದ್ದರೆ ದೇವರಿಗೆ ಗೊಂದಲವಾಗುತ್ತದೆ ಎಂದು ವಿವರವಾಗಿಯೇ ಹೇಳುತ್ತಾರೆ. ಸೋಮವಾರ ಸಂಜೆಯೊಳಗೆ ಸರಪಳಿಯ ಕೊನೆಯ ಕೊಂಡಿಗೂ ವಿಷಯ ಮುಟ್ಟಿತು. ಆದರೆ ಗ್ಲೆಂಡಾಳನ್ನು ಯಾರೂ ಏನೂ ಕೇಳಲಿಲ್ಲ. ಒಡೆದ ಸಂಸಾರದ ವಿಷಯ ಕೇಳುವುದು ಅಲ್ಲಿ ಮಹಾ ಅಸಭ್ಯತೆ. ಕೇಳಬಾರದು, ಉಣ್ಣಿಸಬೇಕು.

ಹಾಗಾಗಿ ಮಂಗಳವಾರ ಮಧ್ಯಾಹ್ನ ಮಿಸ್ ಯುಲಾ ವೆಂಡೆಲ್‌ನ ಶೆಡ್ಡಿಗೆ ಬಂದಳು. ಹೆದ್ದಾರಿಯ ಪಕ್ಕದ ಆ ಶೆಡ್ಡಿನಲ್ಲಿ ಅವನು ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿ ಮಾಡುತ್ತಿದ್ದ. ಅವಳ ಕೈಯಲ್ಲಿ ದೊಡ್ಡ ಗಾಜಿನ ಪಾತ್ರೆ ಇತ್ತು. ತಳಕ್ಕೆ ಅವಳ ಹೆಸರು ಬರೆದ ಪಟ್ಟಿ ಅಂಟಿಸಿತ್ತು.

"ಮಗಾ ವೆಂಡೆಲ್, ನಾನೇನೂ ಕೇಳಲ್ಲಪ್ಪ," ಎಂದಳು. "ರೇಡಿಯೋ ಕೇಳಿದೆ, ಅಷ್ಟೇ."

ವೆಂಡೆಲ್ ಬಾಯಿ ತೆರೆದದ್ದು ನಿಜ ಹೇಳುವುದಕ್ಕೇ. ಆದರೆ ಅಷ್ಟರಲ್ಲಿ ಪಾತ್ರೆಯ ಮುಚ್ಚಳವೂ ತೆರೆಯಿತು. ಕೋಳಿ, ಅನ್ನ, ಮೇಲೆ ಕಂದು ಬಣ್ಣಕ್ಕೆ ಬೆಂದು ಇನ್ನೂ ಗುಳುಗುಳು ಎನ್ನುತ್ತಿದ್ದ ಚೀಸು.

ಇಲ್ಲಿ ವೆಂಡೆಲ್‌ನ ಪರವಾಗಿ ಒಂದು ಮಾತು ಹೇಳಬೇಕು. ಮುಂದಿನ ತಿಂಗಳು ಜಿಲ್ಲೆಯ ಜಾತ್ರೆಯಲ್ಲಿ ಗ್ಲೆಂಡಾ ಇದೇ ಹಾಡನ್ನು ವೇದಿಕೆ ಹತ್ತಿ ಹಾಡುವವಳಿದ್ದಳು. ಅದಕ್ಕೆಂದು ತೆಗೆದ ಝಾಲರಿಯ ನೀಲಿ ಜಾಕೆಟ್ಟಿನ ಜಿಪ್ಪು ಅರ್ಧಕ್ಕೇ ಮುಷ್ಕರ ಹೂಡಿತ್ತು. ಅಂದಿನಿಂದ ಮನೆಯಲ್ಲಿ ಬೇಯಿಸಿದ ಕೋಸು, ಉಪ್ಪಿಲ್ಲದ ಕೋಳಿ, ಕುಡಿಯಲು ನೀರು. ಜಿಪ್ಪು ಅವಳದು, ಪಥ್ಯ ಇಬ್ಬರದೂ. ಹೀಗೆ ವಾರಗಟ್ಟಲೆ ಕೋಸು ತಿಂದ ಗಂಡಸಿನ ಮುಂದೆ ಚೀಸಿನ ಮುಚ್ಚಳ ತೆರೆದರೆ ಅವನ ಸತ್ಯನಿಷ್ಠೆ ಎಷ್ಟು ಹೊತ್ತು ನಿಂತೀತು?

"ರಾತ್ರಿ ಇಲ್ಲೇ ಮಲಗ್ತೀಯೇನಪ್ಪಾ?" ಎಂದು ಮಿಸ್ ಯುಲಾ ಮೂಲೆಯ ಹಳೇ ಮಂಚವನ್ನು ನೋಡಿ ಕಣ್ಣೊರೆಸಿಕೊಂಡಳು.

"ಮಲಗ್ತಿರ್ತೀನಿ," ಎಂದ ವೆಂಡೆಲ್. (ಊಟವಾದ ಮೇಲೆ ಅರ್ಧ ಗಂಟೆ, ಎಂಬುದನ್ನು ಚೀಸಿನೊಂದಿಗೆ ನುಂಗಿದ.) ಆಮೇಲೆ ಒಂದು ನಿಟ್ಟುಸಿರು ಬಿಟ್ಟ. ಅದು ಹೊಟ್ಟೆ ತುಂಬಿದ ಸಂತೋಷದ ನಿಟ್ಟುಸಿರು. ಮಿಸ್ ಯುಲಾ ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡು, ನಾಳೆ ಹುರಿದ ಹಂದಿಮಾಂಸ ತರುವೆನೆಂದಳು.

ಬುಧವಾರ ಹಂದಿಮಾಂಸದ ಜೊತೆ ಜೋಳದ ಬ್ರೆಡ್ಡೂ ಬಂತು. ಪಾದ್ರಿ ಬ್ರದರ್ ಏಮ್ಸ್ ಬಂದು ವೆಂಡೆಲ್‌ನ ಹೆಗಲ ಮೇಲೆ ಕೈಯಿಟ್ಟು, ದೇವರು ಕೆಲವರ ಮನೆ ಬಾಗಿಲು ಮುಚ್ಚಿದರೂ ಶೆಡ್ಡಿನ ಬಾಗಿಲು ಮುಚ್ಚುವುದಿಲ್ಲ ಎಂದು ಪ್ರಾರ್ಥಿಸಿದರು. ಗುರುವಾರ ವಿಧವೆ ಮೋಜೆಲ್ ಪೀಚ್ ಹಣ್ಣು ತುಂಬಿ ಬೇಯಿಸಿದ ಸಿಹಿ ಪೈ ತಂದಳು. ಪೈಗೆ ಮೂರು ಬಗೆಯ ಮಸಾಲೆ, ತುಟಿಗೆ ಎರಡು ಪದರ ಬಣ್ಣ. "ಒಂಟಿ ಇರೋದು ಏನು ಅಂತ ನನಗ್ಗೊತ್ತು ವೆಂಡೆಲ್," ಎಂದಳು. ವೆಂಡೆಲ್‌ಗೆ ಗೊತ್ತಿರಲಿಲ್ಲ, ಆದರೂ ಗೊತ್ತಿದ್ದವನ ಹಾಗೆ ತಲೆಯಾಡಿಸಿದ. ನಿಟ್ಟುಸಿರಿನಲ್ಲಿ ಈಗ ಅವನಿಗೆ ಒಳ್ಳೆಯ ಕೈ ಕುದುರಿತ್ತು. ಸಣ್ಣದಕ್ಕೆ ಇನ್ನೊಂದು ಸೌಟು ಬೀಳುತ್ತಿತ್ತು, ಉದ್ದದ್ದಕ್ಕೆ ನಾಳೆಯ ಊಟಕ್ಕೇ ಭರವಸೆ ಸಿಗುತ್ತಿತ್ತು.

ತೊಂದರೆ ಇದ್ದದ್ದು ಮನೆಯಲ್ಲಿ. ಸಂಜೆ ಗ್ಲೆಂಡಾ ಕೋಸಿನ ತಟ್ಟೆ ಮುಂದಿಟ್ಟರೆ ಅವನ ಹೊಟ್ಟೆಯಲ್ಲಿ ಎಳ್ಳಷ್ಟೂ ಜಾಗ ಇರುತ್ತಿರಲಿಲ್ಲ. ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದ. ಗ್ಲೆಂಡಾ ಮಂಗಳವಾರ ಸುಮ್ಮನಿದ್ದಳು, ಬುಧವಾರ ಹಣೆ ಮುಟ್ಟಿ ನೋಡಿದಳು. ಗುರುವಾರ ಅವಳಿಗೆ ನಿಜವಾಗಿಯೂ ಭಯವಾಯಿತು. ಮಾವನ ಸಾವಿನ ದಿನವೂ ಮೂರು ಸಲ ಬಡಿಸಿಕೊಂಡು ಉಂಡ ಮನುಷ್ಯ ಇವನು.

"ಹಾಡಿಂದ ನೊಂದಿದೀಯಾ?" ಎಂದಳು, ಎದುರು ಕೂತು.

ಹೊಟ್ಟೆ ತುಂಬಿದ್ದರೂ ಆ ಪ್ರಶ್ನೆ ಅವನಿಗೆ ತಾಗಿತು. ಏಕೆಂದರೆ ನೊಂದಿದ್ದ, ಅದು ಸುಳ್ಳಲ್ಲ. ಇಷ್ಟು ವರ್ಷ ಒಳ್ಳೆಯ ಗಂಡ ಎನಿಸಿಕೊಂಡವನು, ಆ ಹೆಸರು ಒಂದು ಹಾಡಿಗೆ ಹಾರಿಹೋಗಿತ್ತು. ಅದಕ್ಕಿಂತ ಹೆಚ್ಚಾಗಿ ಅವನನ್ನು ಒಂದು ಸಂಶಯ ಕೊರೆಯುತ್ತಿತ್ತು.

"ಆ ಗಂಡಸಲ್ಲಿ ನಂದೂ ಏನಾದ್ರೂ ಇದೆಯಾ ಗ್ಲೆಂಡಾ? ನಿಜ ಹೇಳು."

ಗ್ಲೆಂಡಾ ಯೋಚಿಸಿದಳು. "ಮೂರನೇ ಚರಣದಲ್ಲಿ ಗೊರಕೆ ಬರುತ್ತಲ್ಲ, ಅದು ನಿಂದು. ಅದೊಂದೇ. ದೇವರಾಣೆ."

"ಹಾಗಾದ್ರೆ ಅದನ್ನ ಊರಿಗೂ ಹೇಳು. ನನ್ನ ಹೆಸರು ನನಗೆ ವಾಪಸ್ ಕೊಡಿಸು," ಎಂದ ವೆಂಡೆಲ್. ಹೇಳುವಾಗ ಅಭ್ಯಾಸಬಲದಿಂದ ಒಂದು ಉದ್ದ ನಿಟ್ಟುಸಿರೂ ಬಂತು. ಗ್ಲೆಂಡಾಳ ಕಣ್ಣು ತುಂಬಿತು.

ಶುಕ್ರವಾರ ಬೆಳಿಗ್ಗೆ ಅವಳು ಬೇಗನೆ ಎದ್ದು ಎಲ್ಲಿಗೋ ಹೊರಟಳು. ವೆಂಡೆಲ್ ಕೇಳಲಿಲ್ಲ. ಆ ದಿನ ಬಾಳೆಹಣ್ಣಿನ ಪುಡ್ಡಿಂಗ್ ಬರುವುದಿತ್ತು, ಅವನಿಗೂ ಶೆಡ್ಡಿಗೆ ಹೋಗುವ ಆತುರ. ಅವನು ಶೆಡ್ಡು ತೆರೆದು ಒಳಗೆ ಕೂತ ಸ್ವಲ್ಪ ಹೊತ್ತಿಗೆ ಮಿಸ್ ಯುಲಾ ಮತ್ತು ಮೋಜೆಲ್ ಇಬ್ಬರೂ ಬಂದರು. ಮಿಸ್ ಯುಲಾ ಪುಡ್ಡಿಂಗಿನ ಬಟ್ಟಲನ್ನು ಅವನ ತೊಡೆಯ ಮೇಲಿಟ್ಟು ಕೈಗೆ ಚಮಚ ಕೊಟ್ಟಳು. ಮೋಜೆಲ್ ಬೇಸರ ಕಳೆಯಲಿ ಎಂದು ರೇಡಿಯೋ ಹಾಕಿದಳು.

ರೇಡಿಯೋದ ನಿರೂಪಕ ಹೋಬರ್ಟ್ ಎಂದಿನ ಹಾಗೆ ದನಗಳ ಧಾರಣೆ ಓದಿ ಮುಗಿಸಿ, "ಇವತ್ತು ನಮ್ಮ ಗ್ಲೆಂಡಾ ಟ್ಯಾಕೆಟ್ ಏನೋ ಹೇಳ್ಬೇಕಂತೆ," ಎಂದ. ವೆಂಡೆಲ್‌ನ ಚಮಚ ಬಾಯಿಯೊಳಗೇ ನಿಂತಿತು.

"ಊರಿನವರೆಲ್ಲ ಕೇಳಿಸ್ಕೊಳ್ಳಿ," ಎಂದಿತು ಗ್ಲೆಂಡಾಳ ದನಿ. "ನನ್ನ ಹಾಡಲ್ಲಿರೋನು ನನ್ನ ಗಂಡ ಅಲ್ಲ. ವೆಂಡೆಲ್‌ನ ನಾನು ಒಂದಿನಾನೂ ಆಚೆ ಹಾಕಿದೋಳಲ್ಲ. ನಿನ್ನೆ ರಾತ್ರಿನೂ ನನ್ನ ಪಕ್ಕದಲ್ಲೇ ಮಲಗಿದ್ದ, ಅಕ್ಕಪಕ್ಕದೋರಿಗೆ ಕೇಳೋ ಹಾಗೆ ಗೊರಕೆ ಹೊಡೀತಿದ್ದ."

ಮೋಜೆಲ್ ಮೂಲೆಯ ಮಂಚವನ್ನು ನೋಡಿದಳು.

"ಹಾಡು ಬಂದಾಗಿಂದ ಪಾಪ, ಮನುಷ್ಯ ಊಟ ಬಿಟ್ಟಿದಾನೆ," ಎಂದು ದನಿ ನಡುಗಿತು. "ಮಂಗಳವಾರದಿಂದ ಒಂದು ತುತ್ತು ಬಾಯಿಗಿಟ್ಟಿಲ್ಲ. ಅಂಥಾ ಸೂಕ್ಷ್ಮ ಮನಸ್ಸು ಅವಂದು. ಸುಳ್ಳು ಅಂದ್ರೆ ಆಗದ ಮನುಷ್ಯ. ನೀವೆಲ್ಲ ಅವನಿಗೋಸ್ಕರ ಒಂಚೂರು ಪ್ರಾರ್ಥನೆ ಮಾಡಿ."

ಮಿಸ್ ಯುಲಾ ಅವನ ಬಾಯಿಂದ ಚಮಚ ಎಳೆದುಕೊಂಡಳು. ಬಟ್ಟಲನ್ನೂ ತೆಗೆದುಕೊಂಡು ಮುಚ್ಚಳ ಮುಚ್ಚಿದಳು. "ಒಂದು ತುತ್ತೂ ಇಟ್ಟಿಲ್ಲವಂತೆ ಕಣೇ ಮೋಜೆಲ್," ಎಂದಳು ಸಮಾಧಾನವಾಗಿ. "ಪಾಪ, ಉಪವಾಸ ಭಂಗ ಆಗೋದು ಬೇಡ."

ಮೋಜೆಲ್ ಕರವಸ್ತ್ರ ತೆಗೆದು ತುಟಿಯ ಬಣ್ಣವನ್ನು ಪೂರ್ತಿ ಒರೆಸಿಕೊಂಡು ಹೊರಟುಹೋದಳು.

ಮಿಸ್ ಯುಲಾ ಶೆಡ್ಡಿನಲ್ಲಿದ್ದ ಖಾಲಿ ಪಾತ್ರೆಗಳನ್ನೆಲ್ಲ ಎತ್ತಿಕೊಂಡಳು. ಇಬ್ಬರೂ ನೇರವಾಗಿ ಹೋದದ್ದು ಗ್ಲೆಂಡಾಳ ಪಾರ್ಲರಿಗೆ. ಸರಪಳಿ ಈ ಸಲ ಹಿಂದುಮುಂದಾಗಿ ಓಡಿತು. ಸಂಜೆ ವೆಂಡೆಲ್ ಮನೆಗೆ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಶೆಡ್ಡಿನ ಗಾಜಿನ ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು, ಹೆಸರಿನ ಪಟ್ಟಿಗಳು ಮೇಲೆ ಕಾಣುವಂತೆ. ಗ್ಲೆಂಡಾ ಕೂಗಾಡಲಿಲ್ಲ. ಏಪ್ರನ್ ತೆಗೆದು ಅವನ ಕೊರಳಿಗೆ ಹಾಕಿದಳು.

"ಖಾಲಿ ಪಾತ್ರೆ ವಾಪಸ್ ಕೊಡೋ ಪದ್ಧತಿ ನಮ್ಮ ಕಡೆ ಇಲ್ಲ, ಗೊತ್ತಲ್ಲ," ಎಂದಳು. "ಎಲ್ಲಾ ತುಂಬಿಸು. ಕೋಸು ಬೇಕಾದಷ್ಟಿದೆ."

ವೆಂಡೆಲ್ ಕೋಸು ಹೆಚ್ಚತೊಡಗಿದ. ಗ್ಲೆಂಡಾ ಪಕ್ಕದಲ್ಲಿ ಕೂತು ಗಿಟಾರಿನ ತಂತಿ ಬಿಗಿಮಾಡುತ್ತಿದ್ದಳು. ಫೋನು ಆಗಾಗ ಬಡಿದುಕೊಳ್ಳುತ್ತಿತ್ತು. ಅವಳು ಎತ್ತಿ "ಹ್ಞೂಂ, ಹೆಚ್ತಾ ಇದಾನೆ" ಎಂದು ಇಡುತ್ತಿದ್ದಳು. ಭಾನುವಾರ ಚರ್ಚಿನ ಮೆಟ್ಟಿಲು ಹತ್ತುವುದು ನೆನೆದು ವೆಂಡೆಲ್‌ನ ಚಾಕು ನಿಧಾನವಾಯಿತು. ಪಾದ್ರಿ, ಮಿಸ್ ಯುಲಾ, ಮೋಜೆಲ್, ಅವರ ಹಿಂದಿನ ಸಾಲುಗಳೆಲ್ಲ. ಮನೆಯಿಂದ ಆಚೆ ಹಾಕಿಸಿಕೊಂಡ ಗಂಡನಿಗಾದರೆ ಊರು ಒಂದಷ್ಟು ಮರ್ಯಾದೆ ಕೊಡುತ್ತಿತ್ತು, ಇವನಿಗೆ ಅದೂ ಇಲ್ಲ.

"ಗ್ಲೆಂಡಾ," ಎಂದ ಕೊನೆಗೆ, "ನಾಳೆ ಇನ್ನೊಂದ್ಸಲ ರೇಡಿಯೋಗೆ ಹೋಗ್ತೀಯಾ?"

"ಯಾಕೆ?"

"ಹಾಡಲ್ಲಿರೋನು ನಾನೇ ಅಂತ ಹೇಳಿಬಿಡು. ಕುಡುಕ ಅನ್ನು, ಸೋಮಾರಿ ಅನ್ನು, ಏನು ಬೇಕಾದ್ರೂ ಅನ್ನು. ನಾನು ಒಪ್ಕೋತೀನಿ."

ಗ್ಲೆಂಡಾ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಗಂಡನನ್ನೂ ಅವನ ಮುಂದಿನ ಕೋಸಿನ ರಾಶಿಯನ್ನೂ ನೋಡಿದಳು.

"ಆಗಲ್ಲ ವೆಂಡೆಲ್," ಎಂದಳು. "ಅವನು ಕುಡುಕ, ಸೋಮಾರಿ, ಎಲ್ಲಾ ಸರಿ. ಆದ್ರೆ ವಿಧವೆಯರ ಮುಂದೆ ನಿಟ್ಟುಸಿರು ಬಿಟ್ಟು ಪೈ ತಿಂದೋನಲ್ಲ. ಸುಮ್ಮಸುಮ್ಮನೆ ಅವನ ಹೆಸರು ನಾನ್ಯಾಕೆ ಕೆಡಿಸ್ಲಿ?"