ಒಗ್ಗರಣೆ ಬಿದ್ದ ಚೀನೀ ಕಷಾಯ

ಕ್ಲಿನಿಕ್ಕಿನಲ್ಲಿ ಗಂಭೀರವಾಗಿರಬೇಕು ಅಂತ ದಿನಾ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗುತ್ತೇನೆ. ಮಧ್ಯಾಹ್ನದೊಳಗೆ ಯಾರಾದರೂ ಬಂದು ಅದನ್ನು ಕೆಡಿಸಿಯೇ ಕೆಡಿಸುತ್ತಾರೆ.

ನಾನು ಗದಗಿನವಳು. ಮಲೇಷ್ಯಾದ ನಿಲಾಯ್‌ನಲ್ಲಿ ಚೀನೀ ವೈದ್ಯಶಾಸ್ತ್ರ ಓದುತ್ತಿದ್ದೇನೆ. ಹಿರಿಯ ಚೀನೀ ವೈದ್ಯೆಯೊಬ್ಬರು ನಮ್ಮ ಮೇಡಂ; ಇಲ್ಲಿಯವರಂತೆ ಮಾತಿನ ಕೊನೆಗೆ 'ಲಾ' ಸೇರಿಸುವವರು. ಅವರು ರೋಗಿಗಳನ್ನು ನೋಡುವಾಗ ನಾವು ಪಕ್ಕದಲ್ಲಿ ಕೂತು ಕಲಿಯಬೇಕು. ನನ್ನ ಪಾಲಿಗೆ ಬಂದ ಮೊದಲ ಕೇಸೇ ಕನ್ನಡದವರು! ಇಲ್ಲಿಗೆ ಕೆಲಸಕ್ಕೆ ಬಂದ ಮೈಸೂರಿನ ಸಾಫ್ಟ್‌ವೇರ್ ಅಂಕಲ್, ಜೊತೆಗೆ ಆಂಟಿ. ಆಸ್ಪತ್ರೆಯ ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್ ಅಂತ ಬಂದಿತ್ತು. ಅವರು ಸುಧಾರಿಸಿದರೆ ಇಡೀ ತರಗತಿಯ ಮುಂದೆ ಆ ಕೇಸು ವಿವರಿಸುವವಳು ನಾನೇ. ಖುಷಿಗೆ ಅವತ್ತು ಊಟವೇ ಸೇರಲಿಲ್ಲ.

ಸ್ವಲ್ಪ ಅನ್ನ

"ನಾನು ಕುಡಿಯಲ್ಲ, ಮಾಂಸ ಮುಟ್ಟಲ್ಲ. ಈ ಕೊಬ್ಬು ಎಲ್ಲಿಂದ ಬಂತಮ್ಮ?" ಅಂತ ಅಂಕಲ್ ನೊಂದುಕೊಂಡರು.

ಮೇಡಂ ಇಂಗ್ಲಿಷಿನಲ್ಲಿ, "ಅನ್ನ ಎಷ್ಟು ತಿನ್ನುತ್ತೀರಿ?" ಎಂದರು.

"ಸ್ವಲ್ಪ."

ಹಿಂದೆ ಕೂತಿದ್ದ ಆಂಟಿ ಕನ್ನಡದಲ್ಲೇ, "ಸ್ವಲ್ಪಾನಾ? ಇಷ್ಟು!" ಎಂದು ಎರಡೂ ಕೈ ಎತ್ತಿ ಗಾಳಿಯಲ್ಲಿ ಚಾಮುಂಡಿ ಬೆಟ್ಟ ಬರೆದರು.

ನಾನು ಅನುವಾದ ಮಾಡಲು ಬಾಯಿ ತೆರೆದೆ. ಮೇಡಂ ಕೈ ಅಡ್ಡ ಹಿಡಿದು, "ಬೇಡ, ಅರ್ಥ ಆಯ್ತು ಲಾ" ಎಂದರು.

ನಾಡಿ

ಮುಂದಿನ ಸಲ ಬಂದಾಗ ಅಂಕಲ್, "ಪಥ್ಯ ತಪ್ಪಿಲ್ಲ" ಎಂದು ಆಣೆ ಮಾಡಿದರು. ಮೇಡಂ ಅವರ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು.

"ನಿನ್ನೆ ಸಂಜೆ ಮಾಮಕ್ ಹೋಟೆಲಿನಲ್ಲಿ ಎಣ್ಣೆ ಜಿನುಗುವ ರೊಟಿ ಚನಾಯ್ ಪರೋಟ. ಎರಡು. ಮೇಲೆ ಸಿಹಿ ಚಹಾ."

ಅಂಕಲ್ ಮುಖ ಬಿಳುಚಿಕೊಂಡಿತು. ನನಗೋ ರೋಮಾಂಚನ! ಇಂಥ ನಾಡಿ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅವರು ಹೋದ ಮೇಲೆ ಓಡಿಹೋಗಿ, "ಮೇಡಂ, ಅದು ಯಾವ ನಾಡಿ?" ಎಂದೆ.

"ಎಂಥ ನಾಡಿ? ನಾನು ಪಕ್ಕದ ಟೇಬಲ್ಲಿನಲ್ಲೇ ಕೂತಿದ್ದೆ ಲಾ."

ಔಷಧದ ರುಚಿ

ಮೇಡಂ ಮೂಲಿಕೆ ಕೊಡುವ ಮೊದಲು ಒಂದು ಕಟ್ಟಪ್ಪಣೆ ಮಾಡಿದರು: "ಆಸ್ಪತ್ರೆಯ ಡಾಕ್ಟರನ್ನು ಬಿಡಬಾರದು, ಇದನ್ನು ತಗೊಳ್ಳುತ್ತಿರುವುದನ್ನೂ ಅವರಿಗೆ ಹೇಳಬೇಕು." ಆಮೇಲೆ ಒಣಗಿದ ಹುಳಿಹಣ್ಣಿನ ಚೂರು, ಕಿತ್ತಳೆ ಸಿಪ್ಪೆ ಹಾಕಿದ ಪೊಟ್ಟಣ ಕೊಟ್ಟರು. "ಕುದಿಸಿ ಸೋಸಿ ಬಿಸಿಯಾಗೇ ಕುಡಿಯಬೇಕು, ಅಷ್ಟೆ."

ಮುಂದಿನ ವಾರ ಅಂಕಲ್ ಮುಖದಲ್ಲಿ ಕಳೆ. "ಔಷಧ ಸೂಪರ್! ಇನ್ನೊಂದು ಪೊಟ್ಟಣ ಕೊಡ್ತೀರಾ?"

ನನಗೆ ಸಂಶಯ ಬಂತು. "ಆಂಟಿ, ಹೆಂಗ ಕುದಿಸಿದ್ರಿ?"

"ಹುಳಿ ಚೆನ್ನಾಗಿತ್ತಮ್ಮ. ಸ್ವಲ್ಪ ಬೇಳೆ ಹಾಕಿ, ಬೆಲ್ಲ ಹಾಕಿ, ತುಪ್ಪದಲ್ಲಿ ಇಂಗಿನ ಒಗ್ಗರಣೆ ಕೊಟ್ಟೆ. ಔಷಧ ಅಂದ್ರೆ ಓಡಿಹೋಗೋರು, ಮೂರು ಸಲ ಅನ್ನಕ್ಕೆ ಹಾಕಿಸಿಕೊಂಡರು!"

ನನ್ನ ಕೇಸು

ಮೇಡಂ ಮೂಲಿಕೆ ಬದಲಿಸಿದರು. ಹೊಸ ಪೊಟ್ಟಣ ಎಷ್ಟು ಕಹಿಯೆಂದರೆ ಅದಕ್ಕೆ ಒಗ್ಗರಣೆ ಹಾಕುವ ಧೈರ್ಯ ಮೈಸೂರಿನಲ್ಲಿ ಯಾರಿಗೂ ಇಲ್ಲ.

ಕೆಲವು ತಿಂಗಳಾದ ಮೇಲೆ ಆಸ್ಪತ್ರೆಯ ಹೊಸ ಸ್ಕ್ಯಾನ್ ಬಂತು. ಲಿವರಿನ ಕೊಬ್ಬು ಇಳಿದಿದೆ! ತೂಕವೂ ಇಳಿದಿದೆ! ನಾನು ಕಾರಿಡಾರಿನ ತುಂಬ ಕುಣಿದೆ. ಅಂಕಲ್, ಆಂಟಿ ಇಬ್ಬರನ್ನೂ ತರಗತಿಯ ಮುಂದೆ ಕೂರಿಸಿ ಒಂದೊಂದು ಬೇರಿನ ಗುಣವನ್ನೂ ಬಣ್ಣಿಸಿದೆ. ಕೊನೆಗೆ ಹೆಮ್ಮೆಯಿಂದ, "ಔಷಧ ಹೆಂಗ ಕೆಲಸ ಮಾಡ್ತು, ನೀವೇ ಹೇಳ್ರಿ ಅಂಕಲ್" ಎಂದೆ.

ಅಂಕಲ್ ಎದ್ದು ನಿಂತು, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಶುರುಮಾಡಿದರು. "ಬಹಳ ಚೆನ್ನಾಗಿ ಮಾಡ್ತು. ದಿನಾ ಸಂಜೆ ಇವಳು ಅದನ್ನ ಒಲೆ ಮೇಲೆ ಇಟ್ಟ ತಕ್ಷಣ ಆ ವಾಸನೆ ತಡೀಲಾರದೆ ಮನೆ ಬಿಟ್ಟು ಓಡ್ತಿದ್ದೆ. ವಾಸನೆ ಹೋಗೋವರೆಗೂ ಪಾರ್ಕ್ ಸುತ್ತಿದ್ದೇ ಸುತ್ತಿದ್ದು."

"ಮತ್ತೆ ಕುಡಿಯೋದು?"

"ಬರೋ ಹೊತ್ತಿಗೆ ಆರಿಹೋಗಿರ್ತಿತ್ತು. ಬಿಸಿಯಾಗೇ ಕುಡೀಬೇಕು ಅಂದಿದ್ರಲ್ಲ, ಅದಕ್ಕೇ ಚೆಲ್ಲಿಬಿಡ್ತಿದ್ದೆ."

ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ನನಗೆ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಅನ್ನಿಸಿತು. ಮೇಡಂ ಮಾತ್ರ ನಗಲಿಲ್ಲ. ಪೆನ್ನು ತೆಗೆದುಕೊಂಡು ಆಂಟಿಯ ಕಡೆ ತಿರುಗಿದರು.

"ಸರಿ. ಇನ್ನು ಮೇಲೆ ದಿನಕ್ಕೆ ಎರಡು ಸಲ ಕುದಿಸಿ."