ಪುಟ ಬಿಟ್ಟು ಕದಲದವನು

ಒಂದು ಪುಟಸಂಖ್ಯೆಗಾಗಿ ಮನುಷ್ಯ ಎಷ್ಟು ಜಗಳ ಆಡಬಹುದು ಎಂದು ತಿಳಿಯಬೇಕಾದರೆ ನಮ್ಮ ಸಂಶೋಧಕನನ್ನು ನೋಡಬೇಕು. ಮಹಾಪ್ರಬಂಧದ ಕೊನೆಯ ಅಧ್ಯಾಯಕ್ಕೆ ಅವನು ಯಾವುದೋ ಗ್ರಂಥದಿಂದ ಎರಡು ಸಾಲು ಎತ್ತಿ ಹಾಕಿದ್ದ. ಸಾಲು ಸರಿಯಾಗಿತ್ತು, ಗ್ರಂಥದ ಹೆಸರು ಸರಿಯಾಗಿತ್ತು, ಪುಟಸಂಖ್ಯೆ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಪ್ರಶ್ನಾರ್ಥಕ ಚಿಹ್ನೆ ಕೂತಿತ್ತು. ಹಿಂದಿನ ರಾತ್ರಿ ಅಧ್ಯಾಯವನ್ನು ಹಾಗೆಯೇ ಗೈಡಿಗೆ ಕಳಿಸಿ, ಓದುತ್ತ ಓದುತ್ತ ಬೆಳಗಿನ ಜಾವ ಕುರ್ಚಿಯಲ್ಲೇ ನಿದ್ದೆ ಹೋದವನಿಗೆ ಸಂಖ್ಯೆ ಬರೆದುಕೊಳ್ಳುವುದು ಮರೆತೇ ಹೋಗಿತ್ತು.

ಬೆಳಗ್ಗೆ ಗೈಡ್ ಫೋನ್ ಮಾಡಿ ಎಬ್ಬಿಸಿದರು.

"ಪುಟಸಂಖ್ಯೆ ಇಲ್ಲದ ಉಲ್ಲೇಖಕ್ಕೆ ನಾನು ಸಹಿ ಹಾಕಲ್ಲ ಕಣಯ್ಯಾ. ಸಂಜೆ ಐದಕ್ಕೆ ಕಚೇರಿ ಮುಚ್ಚುತ್ತೆ, ಇವತ್ತೇ ಕೊನೇ ದಿನ. ಮೂರು ಸಲ ಹೆಚ್ಚಿನ ಅವಧಿ ಕೊಡಿಸಿ ಆಯ್ತು, ಇನ್ನು ನಿನ್ನ ನೋಂದಣಿನೇ ರದ್ದು."

"ಆ ಎರಡು ಸಾಲು ತೆಗೆದುಬಿಡ್ಲಾ ಸರ್?"

"ಅದನ್ನೂ ತೆಗೆದ್ರೆ ಆ ಅಧ್ಯಾಯದಲ್ಲಿ ಇನ್ನೇನು ಉಳಿಯುತ್ತೆ? ಸಂಖ್ಯೆ ಹೇಳು, ನಾನೇ ಪೆನ್ನಲ್ಲಿ ತುಂಬಿ ಸಹಿ ಹಾಕ್ತೀನಿ. ಬಾಯಿಗೆ ಬಂದದ್ದು ಹೇಳಿದ್ರೆ ಗೊತ್ತಾಗುತ್ತೆ, ನಾನೂ ನೋಡ್ತೀನಿ."

ಸಂಶೋಧಕ ಅತ್ತಿತ್ತ ನೋಡದೆ ಧಡಬಡನೆ ಎದ್ದ. ಹೊರಡುವ ಮೊದಲು ಇನ್ನೊಂದು ಚಿಂತೆ ಇತ್ತು. ಮನೆಯ ಕಂಪ್ಯೂಟರಿಗೆ ಭಾರಿ ವಯಸ್ಸಾಗಿತ್ತು. ಒಮ್ಮೆ ಅದರ ಪರದೆ ಕಪ್ಪಾಯಿತೆಂದರೆ ರಿಪೇರಿಯವನು ಬಂದು ಮೈ ಬಿಚ್ಚುವವರೆಗೂ ಏಳುತ್ತಿರಲಿಲ್ಲ. ಇಷ್ಟು ವರ್ಷದ ದುಡಿಮೆಯೆಲ್ಲ ಅದರ ಹೊಟ್ಟೆಯಲ್ಲೇ ಇತ್ತು.

"ಅಮ್ಮಾ, ನಾನು ಬರೋವರೆಗೂ ಇದು ಮಲಗಬಾರದು. ಆಗಾಗ ಈ ಮೌಸ್ ಅಲ್ಲಾಡಿಸ್ತಾ ಇರು."

"ಮಧ್ಯದಲ್ಲಿ ಅದೇನಾದ್ರೂ ಕೇಳಿದ್ರೆ?"

"ಏನು ಕೇಳಿದ್ರೂ ಹೌದು ಅಂತ ಒತ್ತು."

ಅಮ್ಮ ಕುರ್ಚಿ ಎಳೆದುಕೊಂಡು, ಒಲೆ ಮೇಲೆ ಹಾಲಿಟ್ಟವಳ ಹಾಗೆ ಕಣ್ಣು ಕೀಳದೆ ಕೂತಳು.

ವಿಶ್ವವಿದ್ಯಾಲಯದ ಗ್ರಂಥಾಲಯದ ಬಾಗಿಲು ತೆರೆಯುತ್ತಲೇ ಒಳನುಗ್ಗಿದ ಸಂಶೋಧಕ ಕ್ಯಾಟಲಾಗಿನಲ್ಲಿ ಗ್ರಂಥದ ಹೆಸರು ಬಡಿದ. ಅಚ್ಚಿನ ಪ್ರತಿ ಒಂದೇ ಒಂದು. ಅದೂ ಎರವಲು ಹೋಗಿತ್ತು. ವಾಪಸು ಬರಬೇಕಾದ ದಿನಾಂಕ ಮುಂದಿನ ವರ್ಷದ್ದು.

"ಯಾರ ಹತ್ರ ಇದೆ ಹೇಳಿ, ನಾನೇ ಹೋಗಿ ಕಿತ್ಕೊಂಡು ಬರ್ತೀನಿ," ಎಂದ ಎರವಲು ಕೌಂಟರಿನವನ ಹತ್ತಿರ.

"ಹೆಸರು ಹೇಳೋ ಹಾಗಿಲ್ಲ. ಯಾರೋ ಮೇಷ್ಟ್ರು. ನವೀಕರಿಸ್ತಾನೇ ಇದಾರೆ."

"ಇಷ್ಟು ದಿನ ಇಟ್ಕೊಂಡು ಏನ್ರೀ ಮಾಡ್ತಾರೆ?"

"ಮೇಜು ಕುಂಟುತ್ತಿರಬಹುದು," ಎಂದು ಕೌಂಟರಿನವನು ಮುಂದಿನವರನ್ನು ಕರೆದ.

ಸದ್ಯ, ಇ-ಪ್ರತಿ ಇತ್ತು. ಅದನ್ನು ಒತ್ತಿದರೆ ಪರದೆಯ ಮೇಲೆ ಬಂದದ್ದು ಹೀಗೆ: "ಈ ಪುಸ್ತಕವನ್ನು ಒಂದು ಸಲಕ್ಕೆ ಒಬ್ಬರು ಮಾತ್ರ ಓದಬಹುದು. ಈಗ ಬೇರೊಬ್ಬರು ಓದುತ್ತಿದ್ದಾರೆ. ದಯವಿಟ್ಟು ಕಾಯಿರಿ." ಸಂಶೋಧಕ ಕಾದ. ಮತ್ತೆ ಒತ್ತಿದ, ಮತ್ತೆ ದಯವಿಟ್ಟು ಕಾಯಿರಿ. ಕಾದು ಕಾದು ತಲೆ ಕೆಟ್ಟು ಮಹಡಿ ಹತ್ತಿ ಇ-ವಿಭಾಗದ ಮೇಡಂ ಮುಂದೆ ನಿಂತ.

ಮೇಡಂ ತಮ್ಮ ಪರದೆ ನೋಡಿದರು. "ಸ್ವಲ್ಪ ಹೊತ್ತು ಸುಮ್ಮನಿದ್ರೆ ಅದು ತಾನಾಗೇ ಹೊರಗೆ ಹಾಕುತ್ತೆ. ಇವರು ಸುಮ್ಮನಿರೋದೇ ಇಲ್ಲ. ವಿಚಿತ್ರ ಅಂದ್ರೆ, ಬೆಳಗ್ಗೆಯಿಂದ ಒಂದೇ ಪುಟದಲ್ಲಿದಾರೆ."

"ಒಂದೇ ಪುಟದಲ್ಲಾ? ಯಾರದು?"

"ನನಗೆ ಕಾಣೋದು ಬರೀ ಒಂದು ನಂಬರು. ನಿಮ್ಮನ್ನ ಸರದಿಗೆ ಹಾಕಿದೀನಿ, ಕಾಯಿರಿ."

"ಬೆಳಗ್ಗೆಯಿಂದ ಒಂದು ಪುಟ ಓದೋಕಾಗದ ಮೊದ್ದುಮಣಿಗೋಸ್ಕರ ನಾನು ಕಾಯಬೇಕಾ?"

ಈ ಮಾತು ಪಕ್ಕದಲ್ಲಿದ್ದ ಅಡಿಟಿಪ್ಪಣಿಯ ಕಿವಿಗೆ ಬಿತ್ತು. ಅಡಿಟಿಪ್ಪಣಿ ಅವನ ವಿಭಾಗದ ಇನ್ನೊಬ್ಬ ಸಂಶೋಧಕ. ಯಾರ ಭಾಷಣ ಮುಗಿದರೂ ಎದ್ದು ನಿಂತು "ನನ್ನದೊಂದು ಸಣ್ಣ ಟಿಪ್ಪಣಿ" ಎನ್ನುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು.

"ನನ್ನದೊಂದು ಸಣ್ಣ ಟಿಪ್ಪಣಿ," ಎಂದ ಅವನು. "ಇದು ನಿನ್ನ ಒಬ್ಬನ ಪುಟದ ಪ್ರಶ್ನೆ ಅಲ್ಲ. ಓದುಗರೆಲ್ಲರ ಹಕ್ಕಿನ ಪ್ರಶ್ನೆ. ಬಗ್ಗಬೇಡ."

ಮೊದಲೇ ಬಗ್ಗದವನಿಗೆ ಇಷ್ಟು ಸಾಕಾಯಿತು. ಇಬ್ಬರೂ ಕಂಪ್ಯೂಟರ್ ಕೋಣೆಗೆ ನುಗ್ಗಿ ಒಬ್ಬೊಬ್ಬರ ಹೆಗಲ ಮೇಲಿಂದ ಇಣುಕುತ್ತ ಹೊರಟರು. ಒಬ್ಬ ಇಸ್ಪೀಟು ಆಡುತ್ತಿದ್ದ. ಒಬ್ಬಳು ಚಪ್ಪಲಿ ಆರಿಸುತ್ತಿದ್ದಳು. ಮೂಲೆಯಲ್ಲಿ ಒಬ್ಬರು ಹಿರಿಯ ಪ್ರಾಧ್ಯಾಪಕರು ತಮ್ಮ ಹೆಸರನ್ನೇ ಬಡಿದು ಎಲ್ಲೆಲ್ಲಿ ಬರುತ್ತದೆ ಎಂದು ಹುಡುಕುತ್ತಿದ್ದರು. ಇಡೀ ಕೋಣೆಯಲ್ಲಿ ಪುಸ್ತಕ ಓದುವವರು ಒಬ್ಬರೂ ಇರಲಿಲ್ಲ. ಹೆಗಲ ಮೇಲೆ ಉಸಿರು ತಾಗಿ ಹೌಹಾರಿದ ಪ್ರಾಧ್ಯಾಪಕರು ಕಾವಲುಗಾರನನ್ನು ಕೂಗಿದರು. ಅವನು ಬಂದು ಸಂಶೋಧಕನ ಗುರುತಿನ ಚೀಟಿ ಕಸಿದುಕೊಂಡ.

"ಇಟ್ಕೊಳ್ರಿ ಅದನ್ನ, ಬೇಕಾದ್ರೆ ಚಪ್ಪಲಿನೂ ಬಿಚ್ಚಿ ಕೊಡ್ತೀನಿ. ಆ ಪುಟ ಸಿಗೋವರೆಗೂ ನಾನಂತೂ ಇಲ್ಲಿಂದ ಕದಲಲ್ಲ," ಎಂದ ಸಂಶೋಧಕ. ಇಸ್ಪೀಟಿನವನು ಆಟ ನಿಲ್ಲಿಸಿ ಇವರ ಹಿಂದೆ ಬಂದ. ಚಪ್ಪಲಿಯವಳೂ ಬಂದಳು.

ಇದರ ನಡುವೆ ಅಮ್ಮನ ಫೋನು.

"ಲೋ, ನಾನು ಸ್ನಾನಕ್ಕೆ ಹೋಗ್ಬೇಕು. ಪಕ್ಕದ್ಮನೆ ಆಂಟಿನ ಇಲ್ಲಿ ಕೂರಿಸ್ಲಾ?"

"ಯಾರನ್ನಾದ್ರೂ ಕೂರಿಸಮ್ಮ, ಕೈ ಮಾತ್ರ ಬಿಡಬಾರದು."

"ಅವಳೇನೋ ಹೇಳ್ತಿದಾಳೆ ನೋಡು, ಇದರಲ್ಲಿ ಕೆಳಗಡೆ ಏನೋ..."

"ಅಮ್ಮಾ, ಓದೋ ಕೆಲಸ ನನಗೆ ಬಿಡು. ನೀನು ಅಲ್ಲಾಡಿಸ್ತಾ ಇರು ಸಾಕು," ಎಂದು ಅವನು ಫೋನ್ ಇಟ್ಟುಬಿಟ್ಟ. ಯುದ್ಧದ ಹೊತ್ತಿನಲ್ಲಿ ಮನೆಮಾತು ಯಾರಿಗೆ ಬೇಕು.

ಮಧ್ಯಾಹ್ನ ಜಾರಿ ಗಡಿಯಾರ ಐದರತ್ತ ಹೊರಟಿತು. ಒಳಗಿದ್ದ ಆಸಾಮಿ ಮಾತ್ರ ಪುಟ ಬಿಟ್ಟು ಕದಲಲಿಲ್ಲ. ಇಷ್ಟು ವರ್ಷ ಅಮ್ಮನ ಪಿಂಚಣಿಯಲ್ಲಿ ಉಂಡು ಬರೆದದ್ದೆಲ್ಲ ಒಂದು ಸಂಖ್ಯೆಗಾಗಿ ಮಣ್ಣುಪಾಲಾಗುವುದೇ ಎಂದು ಸಂಶೋಧಕನಿಗೆ ನಿಜಕ್ಕೂ ಅಳು ಬಂತು. ಅಳುವ ಬದಲು ಅವನು ಮತ್ತೆ ಮಹಡಿ ಹತ್ತಿದ.

"ಆ ಮನುಷ್ಯನ್ನ ಕತ್ತು ಹಿಡಿದು ಆಚೆ ತಳ್ಳೋಕೆ ಏನಾದ್ರೂ ದಾರಿ ಇದೆಯಾ ಇಲ್ವಾ ಮೇಡಂ?"

"ಇದೆ. ಮೂರು ಜನ ಸಹಿ ಹಾಕಿ ದೂರು ಕೊಡ್ಬೇಕು. ಆದ್ರೆ ಅವರ ಖಾತೆ ಒಂದು ತಿಂಗಳು ಅಮಾನತಾಗುತ್ತೆ, ಗ್ರಂಥಾಲಯಕ್ಕೆ ಏನೂ ಬಾಕಿ ಇಲ್ಲ ಅನ್ನೋ ಬೇಬಾಕಿ ಪತ್ರವೂ ಸಿಗಲ್ಲ. ಅದಿಲ್ಲದೆ ಪ್ರಬಂಧ ಒಪ್ಪಿಸೋ ಹಾಗೂ ಇಲ್ಲ. ಪಾಪ, ಅವರದ್ದೇನು ಕಷ್ಟವೋ. ಯೋಚನೆ ಮಾಡಿ."

"ಒಂದು ತಿಂಗಳು ಯಾಕೆ, ಒಂದು ವರ್ಷ ಹಾಕಿ."

"ನಿಯಮದಲ್ಲಿಲ್ಲ."

"ಹಾಗಾದ್ರೆ ನಿಯಮ ಬದಲಾಯಿಸಿ ಅಂತಾನೂ ಬರೀತೀನಿ."

ಬರೆದೇಬಿಟ್ಟ. "ಸದರಿ ಓದುಗನು ಸ್ವಾರ್ಥಿಯೂ, ಮಂದಬುದ್ಧಿಯೂ, ಗ್ರಂಥಾಲಯಕ್ಕೆ ಕಾಲಿಡಲು ಅನರ್ಹನೂ ಆಗಿರುತ್ತಾನೆ" ಎಂಬ ವಾಕ್ಯ ಅಡಿಟಿಪ್ಪಣಿಗೆ ಬಹಳ ಹಿಡಿಸಿತು. ಅವನು ಸಹಿ ಹಾಕಿದ, ಇಸ್ಪೀಟಿನವನೂ ಹಾಕಿದ.

"ನಿಮ್ಮ ಹಿಂದೆ ಸರದಿಯಲ್ಲಿ ಇನ್ನೊಬ್ಬರಿದಾರೆ, ಬೇಗ ನೋಡಿ ಬಿಟ್ಟುಕೊಡಿ," ಎಂದು ಹೇಳಿ ಮೇಡಂ ಗುಂಡಿ ಒತ್ತಿದರು.

ಸಂಶೋಧಕನ ಫೋನು ಟಿಣ್ ಎಂದಿತು. "ನಿಮ್ಮ ದೂರಿನ ಮೇರೆಗೆ ಸದರಿ ಓದುಗರನ್ನು ಅಮಾನತುಗೊಳಿಸಲಾಗಿದೆ." ಅವನು ಅದನ್ನು ಗಟ್ಟಿಯಾಗಿ ಓದಿದ. ನೆರೆದವರು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲುವ ಮೊದಲೇ ಇನ್ನೊಂದು ಟಿಣ್. "ನಿಮ್ಮ ವಿರುದ್ಧ ಬಂದ ದೂರಿನ ಮೇರೆಗೆ ನಿಮ್ಮನ್ನು ಅಮಾನತುಗೊಳಿಸಲಾಗಿದೆ."

ಸಂಶೋಧಕ ಕೆಂಡವಾದ. "ಯಾವನ್ರೀ ಅವನು, ನನ್ನ ಮೇಲೆ ದೂರು ಕೊಟ್ಟವನು?"

ಮೇಡಂ ಎರಡೂ ಸಂದೇಶ ನೋಡಿದರು, ಅವನ ಮುಖ ನೋಡಿದರು. "ದೂರು ಕೊಟ್ಟವರ ಹೆಸರು ಹೇಳೋ ಹಾಗಿಲ್ಲ," ಎಂದರು.

"ಇನ್ನೊಂದು ಕಾಗದ ಕೊಡಿ. ಅವನನ್ನೂ ಬಿಡಲ್ಲ."

ಅಡಿಟಿಪ್ಪಣಿ ಪೆನ್ನಿನ ಮುಚ್ಚಳ ತೆಗೆದ. ಅಷ್ಟರಲ್ಲಿ ಅಮ್ಮನ ಫೋನು ಬಂತು.

"ಅಲ್ಲಾಡಿಸಿ ಅಲ್ಲಾಡಿಸಿ ಕೈ ಬಿದ್ದುಹೋಯ್ತು ಕಣೋ. ಅದು ಇನ್ನೂ ಓದ್ತಿದೀರಾ ಓದ್ತಿದೀರಾ ಅಂತ ಕೇಳೋದು, ನಾವು ಹೌದು ಹೌದು ಅಂತ ಒತ್ತೋದು. ಇಷ್ಟು ಮಾಡಿದ್ರೂ ಈಗ ಆ ಪುಸ್ತಕ ಹೊರಟೇ ಹೋಯ್ತು, ಕೆಂಪಗೆ ಏನೋ ಬಂದಿದೆ."

"ಯಾವ ಪುಸ್ತಕ?"

"ಅದೇ, ರಾತ್ರಿ ನೀನು ಓದ್ತಾ ಓದ್ತಾ ಮಲಗಿದ್ಯಲ್ಲ. ನೀನೇ ಎರಡು ಸಾಲಿಗೆ ಹಳದಿ ಬಣ್ಣ ಬಳಿದಿದ್ದೆ ನೋಡು, ಅದೇ ಪುಟ."

ಸಂಶೋಧಕ ಅಮ್ಮ ಹೇಳಿದ್ದನ್ನೇ ಮೇಡಂಗೆ ಒಪ್ಪಿಸಿದ. "ಆ ತಂತ್ರಾಂಶ ಯಂತ್ರಗಳನ್ನ ಎಣಿಸುತ್ತೆ, ಮನುಷ್ಯರನ್ನಲ್ಲ," ಎಂದು ಮೇಡಂ ಮೆತ್ತಗೆ ವಿವರಿಸಿದರು. "ಮನೇದು ಒಂದು ಓದುಗ, ಇಲ್ಲಿದು ಇನ್ನೊಂದು ಓದುಗ."

"ನನ್ನದೊಂದು ಸಣ್ಣ ಟಿಪ್ಪಣಿ," ಎಂದ ಅಡಿಟಿಪ್ಪಣಿ, ಪೆನ್ನು ಜೇಬಿಗಿಳಿಸುತ್ತ. "ನಾನು ಸಹಿ ಹಾಕಿದ್ದು ಬರೀ ಸಾಕ್ಷಿಯಾಗಿ."

"ಮೇಡಂ, ನೀವಾದ್ರೂ ಒಂದು ಸಲ ಆ ಪುಸ್ತಕ ತೆರೆದು ನೋಡಿ," ಎಂದ ಸಂಶೋಧಕ.

"ಪುಸ್ತಕ ಆಗಲೇ ಸರದಿಯಲ್ಲಿ ನಿಮ್ಮ ಹಿಂದಿದ್ದವರಿಗೆ ಹೋಯ್ತಲ್ಲ."

ಅಮ್ಮನನ್ನು ತಡೆದು ಗೈಡ್ ಫೋನು ನುಗ್ಗಿತು. "ಅಂತೂ ಆ ಪುಸ್ತಕ ನನ್ನ ಕೈಗೆ ಬಂತಯ್ಯಾ. ಅಚ್ಚಿನ ಪ್ರತಿ ನಮ್ಮನೇಲೇ ಇತ್ತು, ಎಲ್ಲಿ ಹೋಯ್ತೋ ಸಿಗಲಿಲ್ಲ. ಇ-ಪ್ರತಿನಾದ್ರೂ ನೋಡೋಣ ಅಂದ್ರೆ ಬೆಳಗ್ಗೆಯಿಂದ ಯಾವನೋ ದಂಡಪಿಂಡ ಹಿಡ್ಕೊಂಡು ಕೂತಿದ್ದ. ನಿನ್ನ ಸಾಲೂ ಸಿಕ್ಕಿದೆ. ಎಲ್ಲಿ, ಸಂಖ್ಯೆ ಹೇಳು, ತಾಳೆ ನೋಡ್ತೀನಿ."

"ಒಂದು ನಿಮಿಷ ಸರ್," ಎಂದು ಸಂಶೋಧಕ ಮತ್ತೆ ಅಮ್ಮನ ಕರೆಗೆ ಹೊರಳಿದ. ಅಮಾನತಾದವನಿಗೆ ಬೇಬಾಕಿ ಪತ್ರವಿಲ್ಲ ಎಂಬುದು ಗೊತ್ತಿದ್ದರೂ ಅವನು ಇನ್ನೂ ಬಗ್ಗಿರಲಿಲ್ಲ.

"ಅಮ್ಮಾ, ಆ ಪುಟದ ಕೆಳಗಡೆ ಒಂದು ಸಂಖ್ಯೆ ಇತ್ತಲ್ಲ, ಜ್ಞಾಪಿಸ್ಕೊಂಡು ಹೇಳು."

"ಇತ್ತಪ್ಪ. ಮಧ್ಯಾಹ್ನ ಅದನ್ನೇ ಹೇಳೋಕೆ ಬಂದ್ರೆ, ಓದೋ ಕೆಲಸ ನನಗೆ ಬಿಡು ಅಂದೆ," ಎಂದಳು ಅಮ್ಮ. "ಬಿಟ್ಟೆ."